ಚಂದ್ರಕಾಳಿ: ನೀಲಿ ಬಣ್ಣದ ಆಚರಣಾ ವಸ್ತ್ರಗಳ ಸಾಂಸ್ಕೃತಿಕ ಅರ್ಥ

ಜನಪದರ ಉಡುಗೆ ತೊಡುಗೆಗಳನ್ನು ಕುರಿತ ಅಧ್ಯಯನಗಳಲ್ಲಿ ನೇಯ್ಗೆಗೆ ಸಂದಷ್ಟು ಗಮನ ಬಣ್ಣಗಾರಿಕೆಗೆ ಸಂದಿಲ್ಲ. ಮಗ್ಗದ ಭಾಗಗಳು, ಅಂಚುಗಳ ಬಗೆಗಳು, ನೇಕಾರ ಸಮುದಾಯಗಳ ವಲಸೆ ಮೊದಲಾದವು ವಿದ್ವಾಂಸರ ಚರ್ಚೆಗೆ ಒಳಗಾಗಿವೆ. ನೂಲಿಗೆ ಬಣ್ಣ ಕಟ್ಟುವ ಕಸುಬು ಮತ್ತು ಆ ಬಣ್ಣಕ್ಕೆ ಸಮುದಾಯವು ಕೊಟ್ಟುಕೊಂಡ ಅರ್ಥ ಇವೆರಡೂ ಬಹುಮಟ್ಟಿಗೆ ಅಡಿಟಿಪ್ಪಣಿಯ ಸಂಗತಿಗಳಾಗಿಯೇ ಉಳಿದಿವೆ. ಅರಿಸಿನ, ಕುಂಕುಮ, ಹಸಿರು ಬಣ್ಣಗಳ ಮಾಂಗಲ್ಯ ಎಲ್ಲರಿಗೂ ಪರಿಚಿತ. ಆದರೆ ಕಪ್ಪಿನಂಚಿಗೆ ಹತ್ತಿದ ಗಾಢ ನೀಲಿಯ ಸ್ಥಾನ ಅಷ್ಟು ಸರಳವಾದುದಲ್ಲ.

ಉತ್ತರ ಕರ್ನಾಟಕದ ಸಂಪ್ರದಾಯವೊಂದು ಈ ಜಟಿಲತೆಯನ್ನು ಸ್ಪಷ್ಟವಾಗಿ ತೋರಿಸುತ್ತದೆ. ಮದುವೆಯ ಮುಹೂರ್ತದಲ್ಲಿ ಕರಿಯ ಸೀರೆಯನ್ನು ಉಡುವಂತಿಲ್ಲ. ಅದೇ ಮದುಮಗಳ ಬಳುವಳಿಯಲ್ಲಿ ಮಾತ್ರ ಕಸೂತಿ ಹಾಕಿದ ಕರಿಯ ರೇಷ್ಮೆ ಸೀರೆಯೊಂದು ಇರಲೇಬೇಕೆಂಬ ರೂಢಿ ಹಿಂದೆ ಪ್ರಬಲವಾಗಿತ್ತು. ಆ ಸೀರೆಯ ಹೆಸರು ಚಂದ್ರಕಾಳಿ. ಮುಹೂರ್ತಕ್ಕೆ ಸಲ್ಲದ ಬಣ್ಣ ಬಳುವಳಿಗೆ ಏಕೆ ಅಗತ್ಯವಾಯಿತು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನೀಲಿಯ ಕಸುಬು, ಶಾಸ್ತ್ರಗ್ರಂಥಗಳ ನಿಲುವು, ಜನಪದ ಆಚರಣೆ ಹಾಗೂ ಪಶ್ಚಿಮ ಆಫ್ರಿಕದ ನೀಲಿ ವಸ್ತ್ರಗಳ ಹೋಲಿಕೆ, ಇವುಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

೧. ನೀಲಿ: ಗಿಡ, ಬಾನಿ, ಕಸುಬು

ನೀಲಿ ಗಿಡದ ಎಲೆಯಲ್ಲಿ ನೀಲಿ ಬಣ್ಣ ಕಣ್ಣಿಗೆ ಕಾಣುವುದಿಲ್ಲ. ಹಸಿರು ಸೊಪ್ಪನ್ನು ನೀರಿನ ತೊಟ್ಟಿಯಲ್ಲಿ ನೆನೆಹಾಕಿ ಹುಳಿಯಲು ಬಿಡುತ್ತಾರೆ. ಸೊಪ್ಪನ್ನು ತೆಗೆದ ಮೇಲೆ ಉಳಿದ ನೀರನ್ನು ಗಾಳಿ ಬೆರೆಯುವಂತೆ ಬಡಿದಾಗ ನೀಲಿಯ ಕಣಗಳು ಗೋಚರಿಸಿ ನಿಧಾನವಾಗಿ ತಳಕ್ಕಿಳಿಯುತ್ತವೆ. ಈ ಗಸಿಯನ್ನು ಸೋಸಿ, ಒಣಗಿಸಿ, ಬಿಲ್ಲೆಗಳಾಗಿ ಕತ್ತರಿಸಿ ಮಾರುತ್ತಿದ್ದರು. ಆದರೆ ಬಿಲ್ಲೆಯ ರೂಪದ ನೀಲಿ ನೀರಿನಲ್ಲಿ ಕರಗದು. ಅದನ್ನು ಮತ್ತೆ ಕರಗುವ ಸ್ಥಿತಿಗೆ ತರಲು ಬಣ್ಣಗಾರನು ಬಾನಿಯಲ್ಲಿ ಸುಣ್ಣ, ಚೌಳು ಮೊದಲಾದ ಕ್ಷಾರಗಳೊಡನೆ ಕಲಸಿ, ಹುಳಿಯುವ ಪದಾರ್ಥವೊಂದನ್ನು ಸೇರಿಸಿ, ದಿನಗಟ್ಟಲೆ ಕಾಯಬೇಕು. ದಕ್ಷಿಣ ಭಾರತದ ಬಾನಿಗಳಲ್ಲಿ ಈ ಕೆಲಸಕ್ಕೆ ತಗಚೆಯ ಬೀಜವನ್ನು ಬೇಯಿಸಿ ಹಾಕುವ ಪದ್ಧತಿಯಿತ್ತು. ಬಾನಿ ಹದಕ್ಕೆ ಬಂದಿತೇ ಎಂಬುದನ್ನು ವಾಸನೆ, ಬಣ್ಣ ಮತ್ತು ಮೇಲೆ ಕಟ್ಟುವ ನೊರೆಯಿಂದ ತಿಳಿಯಬೇಕಾಗಿತ್ತು.

ಬಾನಿಯಿಂದ ಮೇಲೆತ್ತಿದ ನೂಲು ಮೊದಲು ಹಳದಿ ಬೆರೆತ ಹಸಿರಾಗಿರುತ್ತದೆ. ಗಾಳಿ ತಾಗಿದಂತೆ ನೋಡನೋಡುತ್ತಲೇ ನೀಲಿಗೆ ತಿರುಗುತ್ತದೆ. ಮಂಜಿಷ್ಠ ಮೊದಲಾದ ಕೆಂಪು ಬಣ್ಣಗಳಿಗೆ ಬೇಕಾಗುವ ಸ್ಫಟಿಕದ ಸಂಸ್ಕಾರ ಇದಕ್ಕೆ ಬೇಕಿಲ್ಲ. ಒಂದು ಅದ್ದಿಗೆ ತಿಳಿನೀಲಿ, ಮತ್ತೆ ಮತ್ತೆ ಅದ್ದಿ ಆರಿಸಿದರೆ ಕರಿಯೆನಿಸುವ ಗಾಢ ನೀಲಿ. ಆದ್ದರಿಂದ ಜನಬಳಕೆಯಲ್ಲಿ ‘ಕರಿ ಸೀರೆ’ ಎಂದು ಕರೆಯಲಾದ ಎಷ್ಟೋ ಹಳೆಯ ಸೀರೆಗಳು ವಾಸ್ತವವಾಗಿ ನೀಲಿಯ ಸೀರೆಗಳೇ. ಹಲವು ಸಲ ಅದ್ದಿದ ನೀಲಿಗೂ ಕರಿಗೂ ಜನಪದ ದೃಷ್ಟಿಯಲ್ಲಿ ಗೆರೆ ಎಳೆದಂತಹ ಭೇದವಿಲ್ಲ ಎಂಬುದನ್ನು ಮುಂದಿನ ಚರ್ಚೆಯಲ್ಲಿ ನೆನಪಿಡಬೇಕು.

ಈ ಕಸುಬನ್ನು ನಡೆಸಿದವರನ್ನು ಕನ್ನಡ ನಾಡಿನಲ್ಲಿ ನೀಲಗಾರರೆಂದು ಕರೆಯಲಾಗಿದೆ. ಮುಂಬಯಿ ಪ್ರಾಂತದ ಗೆಜೆಟಿಯರ್ ಮಾಲೆಯಲ್ಲಿ ೧೮೮೪ರಲ್ಲಿ ಪ್ರಕಟವಾದ ಧಾರವಾಡ ಮತ್ತು ಬಿಜಾಪುರ ಜಿಲ್ಲೆಗಳ ಸಂಪುಟಗಳು ನೀಲಿ ಬಣ್ಣ ಹಾಕುವ ಈ ಸಮುದಾಯವನ್ನು ಪ್ರತ್ಯೇಕವಾಗಿ ಗುರುತಿಸುತ್ತವೆ. ಹಳೆಯ ಮೈಸೂರು ಸೀಮೆಗೆ ಸಂಬಂಧಿಸಿದಂತೆ, ಶ್ರೀರಂಗಪಟ್ಟಣದ ಪತನಾನಂತರ ೧೮೦೦-೦೧ರಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್‌ನು ೧೮೦೭ರಲ್ಲಿ ಪ್ರಕಟವಾದ ತನ್ನ ಪ್ರವಾಸ ಕಥನದಲ್ಲಿ ಬೆಂಗಳೂರಿನ ನೇಕಾರಿಕೆ ಹಾಗೂ ಬಣ್ಣಗಾರಿಕೆಯ ವಿಧಾನಗಳನ್ನು ವಿವರವಾಗಿ ದಾಖಲಿಸಿದ್ದಾನೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೈಸೂರು, ಮಂಡ್ಯ, ಚಾಮರಾಜನಗರ ಜಿಲ್ಲೆಗಳಲ್ಲಿ ‘ನೀಲಗಾರ’ ಎಂದರೆ ಬಣ್ಣಗಾರನಲ್ಲ. ತಂಬೂರಿ, ಗಗ್ಗರ, ಡಮ್ಮಡಿಗಳೊಡನೆ ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಥನಗಳನ್ನು ಹಾಡುವ ದೀಕ್ಷಾವಂತ ಗಾಯಕ. ಈ ಹೆಸರನ್ನು ‘ಲೀಲೆಗಾರ’ ಎಂಬ ಪದದೊಂದಿಗೆ ಜೋಡಿಸುವ ವಿವರಣೆಯೂ ಇದೆ. ಉತ್ತರದ ಬಣ್ಣಗಾರರಿಗೂ ದಕ್ಷಿಣದ ಗಾಯಕರಿಗೂ ಹೆಸರು ಒಂದೇ ಎಂಬ ಕಾರಣಕ್ಕೆ ಕುಲಮೂಲ ಒಂದೇ ಎಂದು ಊಹಿಸುವುದು ಸಾಧುವಲ್ಲ.

೨. ಶಾಸ್ತ್ರದ ನಿಷೇಧ, ಜನಪದದ ಸ್ವೀಕಾರ

ಧರ್ಮಶಾಸ್ತ್ರ ಗ್ರಂಥಗಳು ನೀಲಿಯನ್ನು ಅನುಮಾನದಿಂದ ಕಂಡಿವೆ. ನೀಲಿಯಲ್ಲಿ ಅದ್ದಿದ ವಸ್ತ್ರವನ್ನು ಧರಿಸಿದ ಬ್ರಾಹ್ಮಣನು ಒಂದು ಹಗಲು ಒಂದು ಇರುಳು ಉಪವಾಸವಿದ್ದು ಪಂಚಗವ್ಯದಿಂದ ಶುದ್ಧನಾಗಬೇಕೆಂದು ಆಪಸ್ತಂಬ ಸ್ಮೃತಿ ವಿಧಿಸುತ್ತದೆ. ಬಾನಿಯ ಹುಳಿತ, ಅದರ ದುರ್ವಾಸನೆ, ಹುಳಿಯುವ ಕ್ರಿಯೆಯಲ್ಲಿ ಜೀವಹಿಂಸೆಯಾಗುತ್ತದೆಂಬ ಭಾವನೆ ಇವು ಇಂತಹ ನಿಷೇಧದ ಹಿನ್ನೆಲೆಯಲ್ಲಿ ಇದ್ದಿರಬಹುದು. ಗಮನಾರ್ಹವಾದ ಸಂಗತಿಯೆಂದರೆ ನಿಷೇಧದ ಜೊತೆಯಲ್ಲಿಯೇ ವಿನಾಯಿತಿಗಳೂ ಇವೆ. ಸ್ತ್ರೀಯರು ಶಯನಕಾಲದಲ್ಲಿ ನೀಲಿಯನ್ನು ಉಟ್ಟರೆ ದೋಷವಿಲ್ಲವೆಂದು ಅದೇ ಸ್ಮೃತಿಯು ಹೇಳುತ್ತದೆ. ಕಂಬಳಿಗೂ ರೇಷ್ಮೆಗೂ ನೀಲಿಯ ದೋಷ ತಟ್ಟದೆಂಬ ಮಾತು ನಿಬಂಧ ಗ್ರಂಥಗಳಲ್ಲಿ ದೊರೆಯುತ್ತದೆ. ಹೀಗೆ ಶಾಸ್ತ್ರವು ನೀಲಿಯನ್ನು ಯಜ್ಞಶಾಲೆಯಿಂದ ಹೊರಗಿಟ್ಟಿತಾದರೂ ಹೆಣ್ಣಿನ ಅಂತರಂಗದ ಬದುಕಿನಿಂದ ಹೊರಗಿಡಲಿಲ್ಲ. ಚಂದ್ರಕಾಳಿ ರೇಷ್ಮೆಯದಾಗಿರುತ್ತಿತ್ತು ಎಂಬ ಅಂಶವನ್ನು ಈ ವಿನಾಯಿತಿಗಳ ಬೆಳಕಿನಲ್ಲಿಯೂ ನೋಡಬಹುದು.

ಜನಪದರ ಆಚರಣೆಗಳಾದರೋ ಶಾಸ್ತ್ರದ ವಿನಾಯಿತಿಗಾಗಿ ಕಾದಿಲ್ಲ. ಮಾಂಗಲ್ಯದ ಕುರುಹಾದ ತಾಳಿಯ ಸರದಲ್ಲಿ ಕರಿಮಣಿ ಇರುತ್ತದೆ. ಹಸುಗೂಸಿನ ಕೆನ್ನೆಗೆ ದೃಷ್ಟಿಬೊಟ್ಟು, ಸೊಂಟಕ್ಕೆ ಕರಿಯ ಉಡಿದಾರ. ಕುರುಬರ ಆಚರಣೆಗಳಲ್ಲಿ ಕರಿಯ ಕಂಬಳಿಯನ್ನು ಹಾಸಿ ಗದ್ದಿಗೆ ಮಾಡುತ್ತಾರೆ. ಮಹಾರಾಷ್ಟ್ರದಲ್ಲಿಯೂ ಅದಕ್ಕೆ ಹೊಂದಿಕೊಂಡ ಗಡಿ ಭಾಗಗಳಲ್ಲಿಯೂ ಹೊಸದಾಗಿ ಮದುವೆಯಾದವಳು ಮೊದಲ ಸಂಕ್ರಾಂತಿಗೆ ಕರಿಯ ಸೀರೆ ಉಡುವ ಪದ್ಧತಿಯಿದೆ. ಈ ಎಲ್ಲ ಸಂದರ್ಭಗಳಿಗೂ ಸಾಮಾನ್ಯವಾದ ಲಕ್ಷಣವೊಂದುಂಟು. ಒಂದು ಸ್ಥಿತಿಯಿಂದ ಇನ್ನೊಂದು ಸ್ಥಿತಿಗೆ ದಾಟುತ್ತಿರುವ ಜೀವಕ್ಕೆ, ಕೆಟ್ಟ ಕಣ್ಣು ಬೇಗ ತಾಗಬಹುದಾದ ಜೀವಕ್ಕೆ ಕರಿಯು ಕಾವಲು. ಅದು ಸಂಭ್ರಮದ ಬಣ್ಣವಾಗಿರದೆ ರಕ್ಷೆಯ ಬಣ್ಣವಾಗಿದೆ. ಮುಹೂರ್ತವು ಸಂಭ್ರಮದ ಗಳಿಗೆಯಾದ್ದರಿಂದ ಅಲ್ಲಿ ಅದಕ್ಕೆ ಸ್ಥಾನವಿಲ್ಲ. ಮುಹೂರ್ತದ ಅನಂತರ ತವರನ್ನು ಬಿಟ್ಟು ಹೊಸ ಮನೆಯನ್ನು ಹೊಗುವ, ಮುಂದೆ ಬಸಿರು ಬಾಣಂತನಗಳನ್ನು ಎದುರಿಸಬೇಕಾದ ಹೆಣ್ಣಿಗೆ ತಾಯಿ ಕಟ್ಟಿಕೊಡುವ ಗಂಟಿನಲ್ಲಿ ಅದು ಅವಶ್ಯವಾಗುತ್ತದೆ. ಹೀಗೆ ನೋಡಿದಾಗ ಆರಂಭದಲ್ಲಿ ಕೇಳಿಕೊಂಡ ಪ್ರಶ್ನೆಯ ಅರ್ಧಭಾಗಕ್ಕೆ ಉತ್ತರ ದೊರೆಯುತ್ತದೆ.

೩. ಚಂದ್ರಕಾಳಿ ಮತ್ತು ಕಸೂತಿ

ಉಳಿದ ಅರ್ಧಭಾಗದ ಉತ್ತರ ಸೀರೆಯ ಮೇಲಿನ ಕಸೂತಿಯಲ್ಲಿದೆ. ಕಾವಲಿನ ಬಣ್ಣವಷ್ಟೇ ಬೇಕಾಗಿದ್ದರೆ ಬರಿಯ ಕರಿಯ ಸೀರೆ ಸಾಕಾಗುತ್ತಿತ್ತು. ಆದರೆ ಬಳುವಳಿಯ ಸೀರೆಗೆ ಕಸೂತಿ ಕಡ್ಡಾಯವಾಗಿತ್ತು.

‘ಕಸೂತಿ’ ಎಂಬ ಪದವನ್ನು ಕೈ ಮತ್ತು ಸೂತಿ, ಅಂದರೆ ನೂಲು, ಎಂಬ ಪದಗಳಿಂದ ವಿವರಿಸುವುದುಂಟು. ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆ ಭಾಗಗಳ ಹೆಣ್ಣುಮಕ್ಕಳ ಕಲೆಯಾದ ಇದರಲ್ಲಿ ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಿವೆ. ಗವಂತಿ ಮತ್ತು ಮುರಗಿಗಳಲ್ಲಿ ಬಟ್ಟೆಯ ಎರಡೂ ಮಗ್ಗುಲುಗಳಲ್ಲಿ ಚಿತ್ತಾರ ಒಂದೇ ಬಗೆಯಾಗಿ ಕಾಣುತ್ತದೆ. ನೂಲಿನ ತುದಿಗೆ ಗಂಟು ಹಾಕುವುದಿಲ್ಲ. ನೇಗಿಯು ಹೆಸರೇ ಸೂಚಿಸುವಂತೆ ನೇಯ್ಗೆಯನ್ನು ಹೋಲುತ್ತದೆ. ಮೆಂತಿಯು ಅಡ್ಡಗೆರೆಗಳ ತುಂಬು ಹೊಲಿಗೆ. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿ ಸಾಂಪ್ರದಾಯಿಕ ಕಸೂತಿಯಲ್ಲಿಲ್ಲ. ಹಾಸು ಹೊಕ್ಕುಗಳ ಎಳೆಗಳನ್ನು ಎಣಿಸಿಯೇ ಸೂಜಿ ನಡೆಯಬೇಕು. ಅಂದರೆ ಚಿತ್ತಾರ ಇರುವುದು ಹೊಲಿಯುವವಳ ನೆನಪಿನಲ್ಲಿ. ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಅದು ಎಣಿಕೆಯ ರೂಪದಲ್ಲಿ ದಾಟುತ್ತದೆ.

ಕಸೂತಿಯ ಚಿತ್ತಾರಗಳು ಗೋಪುರ, ತೇರು, ಪಲ್ಲಕ್ಕಿ, ಆನೆ, ನಂದಿ, ನವಿಲು, ತುಳಸಿಕಟ್ಟೆ, ಕಮಲ, ತೊಟ್ಟಿಲು ಮೊದಲಾದವು. ಸೆರಗಿನ ಹತ್ತಿರ ದೊಡ್ಡ ಚಿತ್ತಾರಗಳು, ಒಡಲಿನ ಕಡೆಗೆ ಸಾಗಿದಂತೆ ಚಿಕ್ಕ ಬುಟ್ಟಿಗಳು ಎಂಬ ಕ್ರಮವಿದೆ. ಗುಡಿ, ಉತ್ಸವ, ಅಂಗಳ, ತೊಟ್ಟಿಲು ಎಂಬ ಈ ಅನುಕ್ರಮದಲ್ಲಿ ಗೃಹಿಣಿಯ ಬದುಕಿನ ಭೂಪಟವೊಂದು ಅಡಗಿದೆ. ಕೆಂಪು, ಕಿತ್ತಳೆ, ಹಸಿರು, ಬಿಳಿ ಎಳೆಗಳು ಬಳಕೆಯಲ್ಲಿದ್ದು, ಗಾಢವಾದ ನೆಲದ ಮೇಲೆ ಬಿಳಿಯ ಎಳೆಗಳು ಇರುಳಿನ ಚುಕ್ಕಿಗಳಂತೆ ಎದ್ದು ತೋರುತ್ತವೆ. ಮರಾಠಿಯ ‘ಚಂದ್ರಕಳಾ’ ಎಂಬ ಹೆಸರು ಚಂದ್ರನ ಕಲೆಯನ್ನು ಸೂಚಿಸುತ್ತದೆ. ಕನ್ನಡದ ಕಿವಿಗೆ ಅದೇ ಹೆಸರು ‘ಚಂದ್ರಕಾಳಿ’ಯಾಗಿ ಬೆಳದಿಂಗಳು ಮತ್ತು ಕತ್ತಲೆ ಎರಡನ್ನೂ ಒಟ್ಟಿಗೆ ಧ್ವನಿಸುತ್ತದೆ. ಸೀರೆಯ ರಚನೆಯೂ ಇದೇ ತತ್ತ್ವವನ್ನು ಅನುಸರಿಸಿದೆ.

ಚಂದ್ರಕಾಳಿಯ ಸೋದರಿಯೆಂದು ಕರೆಯಬಹುದಾದ ಇಳಕಲ್ ಸೀರೆಯಲ್ಲಿಯೂ ಇದೇ ವಿನ್ಯಾಸವಿದೆ. ಅದರ ಗಾಢ ಒಡಲಿನ ಹಾಸಿಗೆ ಸೆರಗಿನ ಕೆಂಪು ರೇಷ್ಮೆಯ ಹಾಸನ್ನು ಕುಣಿಕೆಗಳಿಂದ ಸೇರಿಸುವ ‘ಕೊಂಡಿ’ ವಿಧಾನ, ಸೆರಗಿನಲ್ಲಿ ಕೆಂಪಿನ ಮೇಲೆ ಬಿಳಿಯಾಗಿ ಮೂಡುವ ‘ಟೋಪ ತೆನಿ’, ಅಂಚಿನ ಚಿಕ್ಕಿಪರಾಸ, ಗೋಮಿ ಮೊದಲಾದ ಬಗೆಗಳು ಪ್ರಸಿದ್ಧವಾಗಿವೆ. ಇಂತಹ ಸೀರೆಯ ಮೇಲೆ ಕಸೂತಿಯನ್ನೂ ಹಾಕುತ್ತಿದ್ದರು. ಒಟ್ಟಿನಲ್ಲಿ ಕತ್ತಲೆಯ ನೆಲವನ್ನು ನೀಲಗಾರ ಮತ್ತು ನೇಕಾರ ಕಟ್ಟಿಕೊಡುತ್ತಿದ್ದರು. ಅದರ ಮೇಲೆ ಗುರುತು ಬರೆಯುವ ಕೆಲಸ ಮನೆಯ ಹೆಂಗಸರದಾಗಿತ್ತು. ಪೇಟೆಯಿಂದ ಬಂದ ವಸ್ತ್ರವು ಈ ಗುರುತಿನ ಮೂಲಕವೇ ಒಂದು ಮನೆಯ, ಒಬ್ಬ ಮಗಳ ವಸ್ತ್ರವಾಗುತ್ತಿತ್ತು.

೪. ಕಡಲಾಚೆಯ ನೀಲಿ

ಗಾಢ ನೀಲಿಯ ನೆಲ ಮತ್ತು ಬಿಳಿಯ ಗುರುತು ಎಂಬ ಈ ಸಂಯೋಜನೆ ಕರ್ನಾಟಕಕ್ಕೆ ಮಾತ್ರ ಸೀಮಿತವಾದುದಲ್ಲ. ಪಶ್ಚಿಮ ಆಫ್ರಿಕದ ಆಚರಣಾ ವಸ್ತ್ರಗಳಲ್ಲಿ ಅದು ಅತ್ಯಂತ ವಿಸ್ತಾರವಾಗಿ ಬೆಳೆದಿದೆ. ದಕ್ಷಿಣ ಭಾರತಕ್ಕೂ ಆ ಪ್ರದೇಶಕ್ಕೂ ನೀಲಿ ಬಟ್ಟೆಯ ವ್ಯಾಪಾರಸಂಬಂಧವೂ ಇತ್ತು. ಪುದುಚೇರಿಯ ಸುತ್ತ ನೀಲಿ ಹಾಕಿ ಸಿದ್ಧಪಡಿಸಿದ ಹತ್ತಿಬಟ್ಟೆಯು ‘ಗಿನಿ’ ಎಂಬ ಹೆಸರಿನಲ್ಲಿ ಫ್ರೆಂಚ್ ವರ್ತಕರ ಮೂಲಕ ಸೆನೆಗಾಲ್ ನದಿಯ ದಂಡೆಗೆ ಹೋಗುತ್ತಿತ್ತು. ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳಲ್ಲಿ ಅಲ್ಲಿನ ಗೋಂದಿನ ವ್ಯಾಪಾರದಲ್ಲಿ ಆ ಬಟ್ಟೆ ನಾಣ್ಯದಂತೆ ಚಲಾವಣೆಯಲ್ಲಿತ್ತು. ಈ ಸಂಬಂಧದಿಂದ ಇಲ್ಲಿನ ಆಚರಣೆ ಅಲ್ಲಿಗೆ ಹೋಯಿತೆಂದಾಗಲಿ, ಅಲ್ಲಿನದು ಇಲ್ಲಿಗೆ ಬಂದಿತೆಂದಾಗಲಿ ಹೇಳಲು ಆಧಾರವಿಲ್ಲ. ಇಲ್ಲಿನ ಉದ್ದೇಶ ಹೋಲಿಕೆಯೇ ಹೊರತು ಮೂಲಶೋಧನೆಯಲ್ಲ.

ನೈಜೀರಿಯದ ಯೊರುಬಾ ಜನರ ‘ಆದಿರೆ’ ವಸ್ತ್ರದ ಹೆಸರಿಗೆ ಕಟ್ಟಿ ಅದ್ದಿದ್ದು ಎಂದರ್ಥ. ಬಟ್ಟೆಯ ಕೆಲವು ಭಾಗಗಳಿಗೆ ಬಣ್ಣ ತಾಗದಂತೆ ತಡೆಯೊಡ್ಡಿ ಬಾನಿಯಲ್ಲಿ ಅದ್ದಿದರೆ, ತಡೆ ತೆಗೆದಾಗ ಆ ಭಾಗಗಳು ಬಿಳಿಯಾಗಿ ಉಳಿಯುತ್ತವೆ. ನಮ್ಮಲ್ಲಿ ಗುಜರಾತದ ಬಾಂಧನಿ ಮತ್ತು ಮಧುರೆಯ ಸುಂಗುಡಿಗಳು ಇದೇ ತತ್ತ್ವದವು. ನೂಲಿನಿಂದ ಕಟ್ಟುವುದು ಒಂದು ವಿಧಾನ. ಮರಗೆಣಸಿನ ಗಂಜಿಯನ್ನು ಕೋಳಿಯ ಗರಿಯಿಂದ ಬಟ್ಟೆಯ ಮೇಲೆ ಬರೆದು ಒಣಗಿಸಿ ಅದ್ದುವುದು ಇನ್ನೊಂದು. ಅಬೆಯೊಕುಟ, ಇಬಾದಾನ್, ಒಶೊಗ್ಬೊ ಪಟ್ಟಣಗಳು ಇದಕ್ಕೆ ಹೆಸರಾದವು. ಬರೆಯುವವರೂ ಅದ್ದುವವರೂ ಹೆಂಗಸರೇ. ಬಣ್ಣಗಾರಿಕೆ, ಕುಂಬಾರಿಕೆ ಮೊದಲಾದ ಹೆಂಗಸರ ಕಸುಬುಗಳನ್ನು ಕಾಯುವ ‘ಇಯಾ ಮಾಪೊ’ ಎಂಬ ದೇವತೆಯನ್ನು ಅವರು ನಂಬುತ್ತಾರೆ. ಪ್ರತಿಯೊಂದು ವಿನ್ಯಾಸಕ್ಕೂ ಹೆಸರಿದೆ. ಕಡಲಿನ ದೇವತೆಯ ಹೆಸರಿನ ‘ಒಲೊಕುನ್’, ಇಬಾದಾನ್ ನಗರದ ಸೊಗಸನ್ನು ಹೊಗಳುವ ‘ಇಬಾದಾನ್‌ದುನ್’ ಇವು ಪ್ರಸಿದ್ಧವಾದವು. ಎರಡನೆಯದರಲ್ಲಿ ಆ ನಗರದ ಮಾಪೊ ಸಭಾಭವನದ ಕಂಬಗಳೇ ಚಿತ್ತಾರವಾಗಿವೆ. ಬ್ರಿಟಿಷ್ ದೊರೆ ಐದನೆಯ ಜಾರ್ಜನ ೧೯೩೫ರ ರಜತೋತ್ಸವದ ಸ್ಮರಣೆಯ ವಿನ್ಯಾಸವೂ ಒಂದುಂಟು. ಸಂಪ್ರದಾಯವು ತನ್ನ ಕಾಲದ ಸಂಗತಿಗಳನ್ನು ಒಳಗೊಳ್ಳಬಲ್ಲುದು ಎಂಬುದಕ್ಕೆ ಇವು ನಿದರ್ಶನಗಳು.

ಇದಕ್ಕಿಂತ ಭಿನ್ನವಾದುದು ನೈಜೀರಿಯದ ಆಗ್ನೇಯ ಭಾಗದ ‘ಉಕಾರ’. ಎಕ್ಪೆ ಎಂಬ ಪುರುಷರ ದೀಕ್ಷಾಸಂಘದ ಸದಸ್ಯರು ಮಾತ್ರ ಇದನ್ನು ಉಡಬಹುದು. ಬಟ್ಟೆಯನ್ನು ನಾರಿನಿಂದ ಬಿಗಿಯಾಗಿ ಹೊಲಿದು, ನೀಲಿಯಲ್ಲಿ ಅದ್ದಿ, ಹೊಲಿಗೆ ಬಿಚ್ಚಿದಾಗ ‘ನ್ಸಿಬಿದಿ’ ಎಂಬ ಸಂಕೇತಗಳು ಬಿಳಿಯಾಗಿ ಮೂಡುತ್ತವೆ. ಅವನ್ನು ಎಲ್ಲರೂ ನೋಡಬಹುದು, ಆದರೆ ದೀಕ್ಷೆಯ ಹಂತಕ್ಕೆ ತಕ್ಕಂತೆ ಮಾತ್ರ ಓದಬಹುದು. ಕ್ಯಾಮರೂನಿನ ಹುಲ್ಲುಗಾವಲು ಸೀಮೆಯ ಬಾಮುಮ್, ಬಾಮಿಲೆಕೆ ಅರಸುಮನೆತನಗಳ ‘ಎಂಡೊಪ್’ ವಸ್ತ್ರವೂ ಇದೇ ವಿಧಾನದ್ದು. ಅರಮನೆಯ ಸಮಾರಂಭಗಳಲ್ಲಿ ಹಾಗೂ ಅರಸರ ಉತ್ತರಕ್ರಿಯೆಗಳಲ್ಲಿ ಅದನ್ನು ತೆರೆಯಂತೆ ಕಟ್ಟಿ ಆ ಜಾಗವನ್ನೇ ಆಚರಣೆಯ ಆವರಣವನ್ನಾಗಿ ಮಾಡುತ್ತಾರೆ.

ಮೂರನೆಯ ನಿದರ್ಶನ ದಕ್ಷಿಣ ಭಾರತದೊಂದಿಗೆ ನೇರ ಸಂಬಂಧವುಳ್ಳದ್ದು. ನೈಜರ್ ನದೀಮುಖದ ಕಲಬಾರಿ ಜನರು ತಮಿಳುನಾಡಿನ ಕಡೆಯಿಂದ ಹೋಗುವ ಚೌಕಳಿಯ ಮದರಾಸು ಬಟ್ಟೆಯನ್ನು ‘ಇಂಜಿರಿ’ ಎಂದು ಕರೆದು ಹುಟ್ಟು ಸಾವುಗಳ ಆಚರಣೆಗಳಲ್ಲಿ ಬಳಸುತ್ತಾರೆ. ಅಲ್ಲಿನ ಹೆಂಗಸರು ಆ ಬಟ್ಟೆಯ ಕೆಲವು ಎಳೆಗಳನ್ನು ಎಣಿಸಿ, ಎತ್ತಿ, ಕತ್ತರಿಸಿ, ಎಳೆದು ತೆಗೆಯುತ್ತಾರೆ. ಎಳೆ ಹೋದ ಜಾಗದಲ್ಲಿ ಹೊಸ ವಿನ್ಯಾಸ ಹುಟ್ಟುತ್ತದೆ. ಇದಕ್ಕೆ ‘ಪೆಲೆಟೆ ಬಿಟೆ’ ಎಂದು ಹೆಸರು. ಪರದೇಶದ ಬಟ್ಟೆ ಇದರಿಂದ ಕಲಬಾರಿ ಬಟ್ಟೆಯಾಗುತ್ತದೆ.

೫. ಹೋಲಿಕೆಯ ಫಲ

ಈ ನಿದರ್ಶನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ.

ಮೊದಲನೆಯದಾಗಿ, ತಂತ್ರಗಳು ಬೇರೆಯಾದರೂ ಮಾಡುವ ಕೆಲಸ ಒಂದೇ. ಆದಿರೆಯಲ್ಲಿ ಬಿಳಿಯನ್ನು ಬಣ್ಣದಿಂದ ಕಾಯ್ದು ಉಳಿಸಿಕೊಳ್ಳುತ್ತಾರೆ. ಪೆಲೆಟೆ ಬಿಟೆಯಲ್ಲಿ ಎಳೆಯನ್ನು ಕಳೆದು ಗುರುತು ಮಾಡುತ್ತಾರೆ. ಕಸೂತಿಯಲ್ಲಿ ಎಳೆಯನ್ನು ಕೂಡಿಸಿ ಗುರುತು ಬರೆಯುತ್ತಾರೆ. ಉಳಿಸುವುದು, ಕಳೆಯುವುದು, ಕೂಡಿಸುವುದು ಈ ಮೂರೂ ಒಂದು ಸಾಮಾನ್ಯ ವಸ್ತ್ರವನ್ನು ಒಂದು ಸಮುದಾಯದ, ಒಂದು ಸಂದರ್ಭದ ವಸ್ತ್ರವನ್ನಾಗಿ ಮಾರ್ಪಡಿಸುವ ಮಾರ್ಗಗಳು.

ಎರಡನೆಯದಾಗಿ, ಗುರುತನ್ನು ಬರೆಯುವ ಮತ್ತು ಓದುವ ಅಧಿಕಾರ ಯಾರದೆಂಬುದರಲ್ಲಿ ವಸ್ತ್ರದ ಸಾಮಾಜಿಕ ಅರ್ಥ ಅಡಗಿದೆ. ಉಕಾರದ ಓದು ದೀಕ್ಷಿತ ಪುರುಷರದು. ಕಸೂತಿಯ ಓದಿಗೆ ಅಂತಹ ನಿರ್ಬಂಧವಿಲ್ಲದಿದ್ದರೂ ಬರವಣಿಗೆ ಹೆಣ್ಣುಮಕ್ಕಳ ಪರಂಪರೆಗೆ ಸೇರಿದ್ದು. ಶಾಸ್ತ್ರಗ್ರಂಥಗಳನ್ನು ಬರೆಯುವ ಅವಕಾಶವಿಲ್ಲದ ಹೆಂಗಸರು, ಶಾಸ್ತ್ರವು ದೂರವಿಟ್ಟ ಬಣ್ಣದ ಮೇಲೆಯೇ ಗೋಪುರವನ್ನೂ ತುಳಸಿಕಟ್ಟೆಯನ್ನೂ ತೊಟ್ಟಿಲನ್ನೂ ಬರೆದರು ಎಂಬುದು ಸಾಮಾನ್ಯವಾದ ಸಂಗತಿಯಲ್ಲ. ಮಲಿನವೆನಿಸಿದ ನೆಲವನ್ನು ಅವರು ನಿರಾಕರಿಸಲಿಲ್ಲ. ಅದರ ಮೇಲೆ ಮಂಗಳವನ್ನು ಹೊಲಿದರು.

ಮೂರನೆಯದಾಗಿ, ಬಣ್ಣದ ಅರ್ಥ ಬಣ್ಣದೊಳಗೆ ಸ್ಥಿರವಾಗಿ ಕುಳಿತಿರುವುದಿಲ್ಲ. ನೀಲಿ ಎಂದರೆ ಇದೇ ಎಂದು ನಿಘಂಟಿನಂತೆ ಅರ್ಥ ಹೇಳುವ ಕ್ರಮ ಸಂಶೋಧನೆಯನ್ನು ದಾರಿ ತಪ್ಪಿಸುತ್ತದೆ. ನೆಲ, ಗುರುತು, ಸಂದರ್ಭ ಈ ಮೂರೂ ಕೂಡಿದಾಗ ಮಾತ್ರ ವಸ್ತ್ರ ಮಾತನಾಡುತ್ತದೆ.

೬. ದಾಖಲಾತಿಯ ಪ್ರಶ್ನೆ

೧೮೯೭ರಲ್ಲಿ ಜರ್ಮನಿಯ ಕಾರ್ಖಾನೆಯ ಕೃತಕ ನೀಲಿ ಮಾರುಕಟ್ಟೆಗೆ ಬಂದ ಮೇಲೆ ಭಾರತದ ನೀಲಿ ಬೇಸಾಯ ಮತ್ತು ಅದನ್ನು ನಂಬಿದ ಕಸುಬುಗಳು ಕುಸಿದವು. ನೀಲಗಾರ ಎಂಬುದು ಕಸುಬಿನ ಹೆಸರಾಗಿದ್ದುದು ಮನೆತನದ ಹೆಸರಾಗಿ ಉಳಿಯಿತು. ಕರಿಯ ಸೀರೆ ಇಂದಿಗೂ ಮಾರುಕಟ್ಟೆಯಲ್ಲಿ ದೊರೆಯುತ್ತದೆ, ಆದರೆ ಅದರ ಕಪ್ಪು ರಾಸಾಯನಿಕ ಬಣ್ಣದ್ದು. ಇಳಕಲ್ ಸೀರೆ ಮತ್ತು ಕಸೂತಿ ಎರಡಕ್ಕೂ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಕಸೂತಿಯ ಚಿತ್ತಾರಗಳನ್ನು ಯಂತ್ರದಿಂದ ಹೊಲಿದ, ಅಚ್ಚು ಹಾಕಿದ ಬಟ್ಟೆಗಳೂ ಪೇಟೆಯಲ್ಲಿವೆ.

ಇಂತಹ ಸನ್ನಿವೇಶದಲ್ಲಿ ಸಹಜ ಬಣ್ಣವನ್ನು ಮರಳಿ ತಂದರೆ ಪರಂಪರೆ ಮರಳುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಬಾನಿಯ ಜ್ಞಾನ ಅಮೂಲ್ಯವಾದುದು, ಅದರ ನಾಶ ನಿಜವಾದ ನಷ್ಟ. ಆದರೂ ಮೇಲಿನ ಹೋಲಿಕೆ ಬೇರೊಂದು ಪಾಠವನ್ನು ಹೇಳುತ್ತದೆ. ಕಲಬಾರಿ ಹೆಂಗಸರು ಪರದೇಶದ ಬಟ್ಟೆಯನ್ನೇ ತಮ್ಮದನ್ನಾಗಿ ಮಾಡಿಕೊಂಡರು, ಏಕೆಂದರೆ ಗುರುತು ಮಾಡುವ ಕೈ ಮತ್ತು ಅದನ್ನು ಉಡುವ ಸಂದರ್ಭ ಅವರದಾಗಿತ್ತು. ರಾಸಾಯನಿಕ ಬಣ್ಣದ ಸೀರೆಯ ಮೇಲೆ ತಾಯಿ ಎಣಿಸಿ ಹೊಲಿದ ತೊಟ್ಟಿಲು ಚಂದ್ರಕಾಳಿಯ ಪರಂಪರೆಯಲ್ಲಿಯೇ ಇದೆ. ಶುದ್ಧ ನೀಲಿಯಲ್ಲಿ ಅದ್ದಿ, ಹೆಸರೂ ಸಂದರ್ಭವೂ ತಿಳಿಯದಂತೆ ಅಂಗಡಿಯಲ್ಲಿ ತೂಗುಹಾಕಿದ ಬಟ್ಟೆ ಆ ಪರಂಪರೆಯಿಂದ ಹೊರಗಿದೆ.

ಆದ್ದರಿಂದ ವಸ್ತ್ರಗಳ ಸಂಗ್ರಹ ಮತ್ತು ದಾಖಲಾತಿಯ ಕ್ರಮವನ್ನೇ ಮರುಪರಿಶೀಲಿಸುವುದು ಅಗತ್ಯ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವು ೧೯೬೮ರಲ್ಲಿ ಸ್ಥಾಪನೆಯಾಗಿ, ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸದಲ್ಲಿ ನಾಡಿನ ನಾನಾ ಭಾಗಗಳ ಜನಪದ ವಸ್ತುಗಳಿಗೆ ನೆಲೆ ಒದಗಿಸಿದ್ದು ಕನ್ನಡ ಜಾನಪದ ಅಧ್ಯಯನದ ಮಹತ್ತ್ವದ ಘಟ್ಟ. ವಸ್ತುವನ್ನು ಉಳಿಸುವ ಆ ಕಾರ್ಯದ ಮುಂದಿನ ಹೆಜ್ಜೆ ವಸ್ತುವಿನ ಮಾತನ್ನು ಉಳಿಸುವುದು. ಒಂದು ಸೀರೆಯ ದಾಖಲೆಯಲ್ಲಿ ಉದ್ದ, ಅಗಲ, ಬಣ್ಣ, ದೊರೆತ ಊರು ಇವುಗಳ ಜೊತೆಗೆ ಇನ್ನೂ ಕೆಲವು ಸಂಗತಿಗಳು ಸೇರಬೇಕು: ಪ್ರತಿಯೊಂದು ಚಿತ್ತಾರವನ್ನು ಆ ಮನೆಯವರು ಕರೆಯುವ ಹೆಸರು, ಅದರ ಎಣಿಕೆ, ಹೊಲಿದವಳಿಗೂ ಉಟ್ಟವಳಿಗೂ ಇದ್ದ ಸಂಬಂಧ, ಉಟ್ಟ ಮತ್ತು ಉಡಬಾರದ ಸಂದರ್ಭಗಳು, ಸೀರೆ ಹರಿದ ಮೇಲೆ ಅದಕ್ಕೆ ಒದಗಿದ ಗತಿ. ಹಳೆಯ ಸೀರೆಗಳು ಕೌದಿಯ ಪದರಗಳಾಗಿ, ಕೂಸಿನ ಹಾಸಿಗೆಯಾಗಿ ಮುಂದುವರಿಯುತ್ತವೆ ಎಂಬುದನ್ನು ಮರೆಯುವಂತಿಲ್ಲ.

ಬಟ್ಟೆಯನ್ನು ಪೆಟ್ಟಿಗೆಯಲ್ಲಿ ನೂರು ವರ್ಷ ಕಾಪಾಡಬಹುದು. ಎಣಿಕೆಯನ್ನು ನೆನಪಿನಲ್ಲಿ ಇಟ್ಟುಕೊಂಡಿರುವ ಹಿರಿಯ ಹೆಂಗಸರ ಆಯುಷ್ಯ ಅಷ್ಟು ದೀರ್ಘವಲ್ಲ. ಚಂದ್ರಕಾಳಿಯ ನೀಲಿ ಅವರ ಕಾಲಕ್ಕಿಂತ ಮೊದಲೇ ಮರೆಯಾಯಿತು. ಅದರ ಮೇಲಿನ ಗುರುತುಗಳ ಹೆಸರುಗಳಾದರೂ ಅವರೊಂದಿಗೆ ಮರೆಯಾಗದಂತೆ ಬರೆದಿಟ್ಟುಕೊಳ್ಳುವುದು ಜಾನಪದ ಸಂಶೋಧನೆಯ ಮುಂದಿರುವ ತುರ್ತು ಕಾರ್ಯವಾಗಿದೆ.